ಬಾಣ ನಿಂತ ಕಡೆ

"ಏನ್ರೀ ಸಿಂಚನ, ನಿಮ್ಮ ಕಂಪ್ಯೂಟರ್ ಒಬ್ಬರಿಗೆ ಬರೆದಿದ್ದನ್ನ ಇನ್ನೊಬ್ಬರಿಗೆ ಕಳಿಸ್ತಂತೆ?"

ಬಾಗಿಲಲ್ಲಿ ನರೇಶ್! ಸಿಂಚನ ಬೆಚ್ಚಿ ತಿರುಗಿದಳು.

ದೊಡ್ಡಬಳ್ಳಾಪುರದ ಆದಿನಾರಾಯಣಪ್ಪನವರ ಡಿಸೈನ್ ಅಂಗಡಿಯಲ್ಲಿ ಸೀರೆ ಬಾರ್ಡರ್ ಬಿಡಿಸುವವಳು ಅವಳು. ಕಂಪ್ಯೂಟರ್ ರಿಪೇರಿಗೆ ಬರುವವನು ನರೇಶ್. ಅವನೆಂದರೆ ಇವಳಿಗೆ ಪ್ರಾಣ. ಬಾಯಿ ಬಿಟ್ಟು ಹೇಳಿದ್ದಾಳಾ? ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿದ್ದಾಳೆ!

ನಡುವೆ ಬಂದವಳು ನವ್ಯಶ್ರೀ. ದೇವನಹಳ್ಳಿಯಲ್ಲಿ ಸೀರೆ ಅಂಗಡಿ ಇಟ್ಟವಳು, ಇವರಿಂದಲೇ ಡಿಸೈನ್ ತರಿಸುವವಳು. ಅಲ್ಲಿಯ ಕಂಪ್ಯೂಟರಿಗೂ ನರೇಶನೇ. ಈಚೆಗಂತೂ ದಿನಾ ಅಲ್ಲೇ ಠಿಕಾಣಿ. ಅವಳ ಸ್ಟೇಟಸ್‌ನಲ್ಲಿ ಅವನು ಕಾಫಿ ಕುಡಿಯುತ್ತ ನಗುವ ಫೋಟೋ ನೋಡಿದಾಗಿನಿಂದ ಸಿಂಚನಳಿಗೆ ಅನ್ನ ಸೇರುತ್ತಿಲ್ಲ. ಇಲ್ಲಿ ಕಾಫಿ ಕೊಟ್ಟರೆ ಅಭ್ಯಾಸ ಇಲ್ಲ ಅನ್ನುವ ಮಹಾರಾಯ!

ನಿನ್ನೆ ಆ ಸಂಕಟವನ್ನು ಗೆಳತಿ ಮಮತಳಿಗೆ ಚಾಟಿನಲ್ಲಿ ಬರೆಯಲು ಕೂತಳು. ಅಷ್ಟರಲ್ಲಿ ಪಕ್ಕದ ವಿಂಡೋದಲ್ಲಿ ನವ್ಯಶ್ರೀಯ ಮೆಸೇಜ್. ಮೈಯೆಲ್ಲ ಉರಿದು ಮೌಸನ್ನು ಅತ್ತ ನೂಕಿ, ಮಮತಳಿಗೆಂದೇ ಟೈಪ್ ಮಾಡಿದಳು. ಕೀಬೋರ್ಡ್ ನೋಡಿಕೊಂಡೇ ಬರೆಯುವವಳು, ತಲೆ ಎತ್ತಿದರೆ ಎಲ್ಲ ನವ್ಯಶ್ರೀಗೇ ಹೋಗಿತ್ತು! ಅವಳು ಓದಿಯೂ ಆಗಿತ್ತು. ಉತ್ತರ ಮಾತ್ರ ಇಲ್ಲ.

'ನರೇಶ್ ಅವರಿಗೂ ತೋರಿಸಿರ್ತಾಳೆ. ಇಬ್ರೂ ಸೇರಿ ನಕ್ಕಿರ್ತಾರೆ...'

ಒಳಗೆ ಬಂದ ನರೇಶ್ ನವ್ಯಶ್ರೀಯ ಚಾಟನ್ನು ಓದದೆಯೇ ಮುಚ್ಚಿ, ಆ ಜಾಗದಲ್ಲಿ ಒಂದು ಖಾಲಿ ಪುಟ ತೆರೆದ. ನಿನ್ನೆ ಮಾಡಿದ ಹಾಗೇ ಮಾಡಿ ತೋರಿಸಿ ಅಂದ. ಸಿಂಚನ ಮೌಸ್ ಅಲುಗಿಸದೆ, ಬಾರ್ಡರ್ ಮುಗೀತು ಅಂತ ಬರೆದಳು. ನೆಟ್ಟಗೆ ಮಮತಳಿಗೇ ಹೋಯಿತು. ಇನ್ನೊಮ್ಮೆ ಮಾಡಿದರೂ ಅದೇ.

"ಹುಷಾರಾಗಿ ಮಾಡಿದ್ರೆ ತಪ್ಪು ಸಿಗಲ್ಲ ಕಣ್ರೀ. ನಿನ್ನೆ ಬರೆದಿದ್ದನ್ನೇ ಬರೀರಿ."

'ಅಯ್ಯೋ, ಅದನ್ನ ಇವರ ಎದುರಿಗೆ ಹೆಂಗೆ ಬರೀಲಿ?'

ಆಗಲೇ ಅವನ ಫೋನ್ ಬಡಿದುಕೊಂಡಿತು. ನವ್ಯಶ್ರೀ! ಅವನು ಬಾಗಿಲ ಕಡೆ ಹೋಗಿ, ಏನೋ ಕೇಳಿಸಿಕೊಂಡು ನಕ್ಕ. ಸಿಂಚನ ಸಿಟ್ಟಿನಲ್ಲಿ ಮೌಸನ್ನು ಅತ್ತ ನೂಕಿ ಕೀಬೋರ್ಡ್ ಕುಟ್ಟಿದಳು. ಮಮತಳಿಗಾದರೂ ಹೋಗಲಿ, ಊರಿಗೇ ಆದರೂ ಹೋಗಲಿ!

ಫೋನಿಟ್ಟು ಬಂದ ನರೇಶ್ ಪರದೆ ನೋಡಿ ನಿಂತುಬಿಟ್ಟ. ಖಾಲಿ ಪುಟದಲ್ಲಿ ಹೀಗಿತ್ತು:

'ನರೇಶ್ ನನ್ನೋರು. ಆ ದೇವನಹಳ್ಳಿಯೋಳಿಗೆ ಬಿಟ್ಟುಕೊಡಲ್ಲ ಕಣೇ ಮಮತ. ಅವರಿಗೇ ಗೊತ್ತಿಲ್ಲ, ನನ್ನ ಕರ್ಮ.'

ಸಿಂಚನ ತಲೆ ಎತ್ತಲಿಲ್ಲ. ಪಕ್ಕದ ಮನೆಯ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು.

"ತಪ್ಪು ಸಿಕ್ತು," ಅಂದ ಅವನು ಮೆಲ್ಲಗೆ. "ಮೌಸಿನ ಬಾಣ ಯಾವ ವಿಂಡೋ ಮೇಲಿರುತ್ತೋ ಅಲ್ಲಿಗೇ ಅಕ್ಷರ ಹೋಗುತ್ತೆ. ಕೋಪ ಬಂದ್ರೆ ನೀವು ಮೌಸ್ ನೂಕ್ತೀರಿ."

"ಯಾರ್ರೀ ಹಂಗೆ ಇಟ್ಟಿದ್ದು?"

"ನಾನೇ. ಮೌಸ್ ಒತ್ತಿ ಒತ್ತಿ ಬೆರಳು ನೋಯುತ್ತೆ ಅಂದಿದ್ರಲ್ಲ... ವಿಂಡೋ ಬದಲಾಯಿಸೋವಾಗೆಲ್ಲ ಒತ್ತೋದು ತಪ್ಪಲಿ ಅಂತ. ಹೇಳೋಕೆ ನಾಚಿಕೆ ಆಯ್ತು."

ಯಾವಾಗಲೋ ಮಾತಿಗೆ ಅಂದಿದ್ದಳು. ಅವಳಿಗೇ ಮರೆತುಹೋಗಿತ್ತು. ಕಣ್ಣು ತುಂಬಿ ಬಂತು.

"ಮತ್ತೆ... ಅವರು?"

"ನವ್ಯಶ್ರೀಯವರಾ? ನನ್ನ ಮನಸ್ಸಲ್ಲಿರೋದನ್ನ ನಿಮಗೆ ಹೆಂಗೆ ಹೇಳೋದು ಅಂತ ದಿನಾ ಅವರ ತಲೆ ತಿಂತಿದ್ದೆ. ನಿಮ್ಮ ಮೆಸೇಜಲ್ಲಿ ಏನಿತ್ತು ಅಂದ್ರೆ ಬಾಯಿ ಬಿಡಲಿಲ್ಲ. ನಿಮ್ಮ ಕೈಲೇ ಇನ್ನೊಂದ್ಸಲ ಬರೆಸೋಕೆ ಹೇಳಿದ್ರು. ಈಗ ಫೋನ್ ಮಾಡಿದ್ದೂ ಅದಕ್ಕೇ, ಬರೆದ್ರಾ ಅಂತ."

ಸಿಂಚನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ದಿನ ಯಾರಿಗೆ ಶಾಪ ಹಾಕಿದ್ದಳೋ ಅವಳೇ ದಾರಿ ಮಾಡಿಕೊಟ್ಟಿದ್ದಳು.

ಅವನು ಮೌಸ್ ಹಿಡಿದು ಕೇಳಿದ, "ಮೊದಲಿನ ಥರಾನೇ ಮಾಡ್ಲಾ?"

"ಬೇಡ. ನೀವು ಇಟ್ಟಿದ್ದು, ಹಂಗೇ ಇರ್ಲಿ."

"ಮತ್ತೆ ಕೋಪ ಬಂದ್ರೆ?"

"ಕಾಫಿ ನನ್ನ ಜೊತೆ ಕುಡಿದ್ರೆ ಬರಲ್ಲ."

ನರೇಶ್ ನಕ್ಕ. "ಹಂಗಾದ್ರೆ ಬಾ, ಕುಡಿಯೋಣ."