ಹನ್ನೊಂದನೆಯ ಹೆಜ್ಜೆ

"ಅಲ್ಲೇ ನಿಂತ್ಕಳ್ರಿ. ಇನ್ನೊಂದು ಹೆಜ್ಜೆ ಇಟ್ರೆ ಗುಂಡಿ ಐತೆ."

ಗಂಗಾಶ್ರೀ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತಂದಳು.

ಕಣ್ಣಿಲ್ಲದವಳು ಎಂದು ಗೊತ್ತಾದ ಕೂಡಲೇ ಎಲ್ಲರೂ ಅವಳ ತೋಳಿಗೆ ಕೈ ಹಾಕಿ ಎಳೆಯುತ್ತಿದ್ದರು. ಈ ಗಂಡಸು ಮಾತ್ರ ಮುಟ್ಟಲಿಲ್ಲ. ಹೇಳಿ, ದೂರದಲ್ಲೇ ನಿಂತಿದ್ದ.

"ಬಿದ್ರೆ ಏಳ್ತೀನಿ," ಎಂದಳು ಬಿಗುವಾಗಿ. "ನೀವ್ಯಾರು?"

"ಕೊಟ್ರೇಶ. ಟೈಲರ್. ನಾನೂ ಬಿದ್ದು ಎದ್ದು ಬಂದೋನೇ. ಅದಕ್ಕೇ ಹೇಳ್ದೆ."

ಅದು ಶಿಕಾರಿಪುರದಲ್ಲಿ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯ ಗೋದಾಮು. 1996ರ ಗಣಪತಿ ಹಬ್ಬ ಕಳೆದು ವಾರವಾಗಿತ್ತು. ನಿವೃತ್ತ ಶಿಕ್ಷಕಿ ಶಕುಂತಲಮ್ಮ ಅಲ್ಲಿ ಅಂಗವಿಕಲರನ್ನು ಸೇರಿಸಿಕೊಂಡು 'ನಂಟು ಕಲಾಬಳಗ' ಎಂಬ ನಾಟಕ ತಂಡ ನಡೆಸುತ್ತಿದ್ದರು. ಕಣ್ಣಿಲ್ಲದವರು, ಕಿವಿ ಕೇಳದವರು, ಪೋಲಿಯೋ ಆದವರು, ಎಲ್ಲ ಸೇರಿ ಒಂಬತ್ತು ಜನ. ನೋಡಿದವರು ಅಯ್ಯೋ ಪಾಪ ಅನ್ನುವಂಥ ನಾಟಕ ನಮಗೆ ಬೇಡ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನಲಿ ಎಂಬುದು ಅವರ ಒಂದೇ ನಿಯಮ. ಎಲ್ಲರೂ ಅವರನ್ನು ಅಕ್ಕೋರೆ ಎನ್ನುತ್ತಿದ್ದರು.

ತೊಗರ್ಸಿಯ ತೋಟಪ್ಪನವರ ಮಗಳು ಗಂಗಾಶ್ರೀ ಆ ದಿನ ತಂಡಕ್ಕೆ ಹೊಸಬಳು. ಇಪ್ಪತ್ತನಾಲ್ಕು ವರ್ಷ. ನಾಲ್ಕನೇ ವಯಸ್ಸಿನಲ್ಲಿ ದಡಾರ ಬಂದು ಕಣ್ಣು ಹೋಗಿತ್ತು.

ಬಾಗಿಲಿನಿಂದ ಗೋಡೆಗೆ ಎಷ್ಟು ಹೆಜ್ಜೆ ಎಂದು ಅವಳು ಎಣಿಸತೊಡಗಿದಳು. ಪಕ್ಕದಲ್ಲಿ ಕೊಟ್ರೇಶನೂ ಎಡಗೈಯಿಂದ ತೊಡೆ ಒತ್ತಿಕೊಂಡು ಕಾಲೆಳೆಯುತ್ತ ಬಂದ. ಅವನ ಎಡಗಾಲು ಪೋಲಿಯೋದಿಂದ ಸೊರಗಿತ್ತು.

"ಇಪ್ಪತ್ತೆರಡು," ಎಂದಳು.

"ನಂದೂ ಇಪ್ಪತ್ತೆರಡೇ!"

"ಅದ್ಹೆಂಗೆ?"

"ನಾನು ಕುಂಟ, ನೀವು ಕುರುಡಿ. ಇಬ್ರಿಗೂ ಅವಸರ ಇಲ್ಲ, ನೋಡ್ರಿ."

ಬೇರೆ ಯಾರಾದರೂ ಅಂದಿದ್ದರೆ ಅವಳು ಅಲ್ಲಿಂದಲೇ ಊರಿಗೆ ಹೊರಡುತ್ತಿದ್ದಳು. ಇವನು ಅಂದಾಗ ನಗು ಬಂತು. ಎಷ್ಟು ದಿನವಾಗಿತ್ತೋ ನಕ್ಕು...

* * *

ಅಂದಿನಿಂದ ಅವಳ ರಂಗದ ಅಳತೆ ಕೊಟ್ರೇಶನ ಕೆಲಸವಾಯಿತು.

ನಾಟಕ ಯಾವ ಊರಲ್ಲಿದ್ದರೂ ಅವನು ಮೊದಲೇ ಹೋಗಿ ಅಲ್ಲಿನ ವೇದಿಕೆಯನ್ನು ತನ್ನ ಹೆಜ್ಜೆಯಲ್ಲಿ ಅಳೆದು ಬರುತ್ತಿದ್ದ. ಅಷ್ಟೇ ಹೆಜ್ಜೆಗೆ ಗೋದಾಮಿನ ನೆಲದ ಮೇಲೆ ನಾರಿನ ಹಗ್ಗ ಹಾಸಿ ಮೊಳೆ ಹೊಡೆಯುತ್ತಿದ್ದ. ಆ ಹಗ್ಗವೇ ವೇದಿಕೆಯ ಅಂಚು. ಗಂಗಾಶ್ರೀ ಬರಿಗಾಲಲ್ಲಿ ಅದರೊಳಗೆ ಹತ್ತು ದಿನ ಅಭ್ಯಾಸ ಮಾಡಿದರೆ ಕಾಲು ತಾನೇ ಕಲಿತುಬಿಡುತ್ತಿತ್ತು.

ಟೇಪು ಕೊರಳಲ್ಲೇ ನೇತಾಡುತ್ತಿದ್ದರೂ ಕಾಲಲ್ಲಿ ಯಾಕೆ ಅಳೀತೀಯ ಎಂದು ಅಕ್ಕೋರು ಒಮ್ಮೆ ಛೇಡಿಸಿದ್ದರು. ಟೇಪಿನ ಲೆಕ್ಕ ಗಂಗಾಗೆ ಏನು ಪ್ರಯೋಜನ, ನನ್ನ ಒಂದು ಹೆಜ್ಜೆ ಅವಳ ಒಂದು ಹೆಜ್ಜೆ ಎಂದು ಅವನು ಉತ್ತರಿಸಿದ್ದ.

ಆ ಮಾತನ್ನು ಅವಳು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಳೋ ಲೆಕ್ಕವಿಲ್ಲ. 'ನನ್ನ ಒಂದು ಹೆಜ್ಜೆ ಅವಳ ಒಂದು ಹೆಜ್ಜೆ...'

ಇಷ್ಟಪಟ್ಟಿದ್ದೇನೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನೀವು ಹೋಗಿ ನೀನು ಆಯಿತು, ಅಷ್ಟೇ. ಅದೂ ಅವನ ಕಡೆಯಿಂದ ಮಾತ್ರ.

ಜನವರಿಯಲ್ಲಿ ಸೊರಬದಲ್ಲಿ ನಾಟಕ ಗೊತ್ತಾಯಿತು. ಕಳೆದುಹೋದ ಮಗನನ್ನು ಹುಡುಕುವ ತಾಯಿಯ ಪಾತ್ರ ಅವಳದು. ಕೊನೆಯ ದೃಶ್ಯದಲ್ಲಿ ಹಿಂದಿನ ಪರದೆಯಿಂದ ಬಿರಬಿರನೆ ಮುಂದೆ ಬಂದು, ಅಂಚಿಗೆ ಒಂದು ಹೆಜ್ಜೆ ಇರುವಾಗ ನಿಂತು, ಮಗನನ್ನು ಕೂಗಿ ಕರೆಯಬೇಕು.

ಒಂದು ಸೋಮವಾರ ಬೆಳಿಗ್ಗೆ ಅವಳು ಗೋದಾಮಿಗೆ ಬಂದಾಗ ಹಗ್ಗ ಹಾಸಿಯಾಗಿತ್ತು. ಆದರೆ ಎದುರಿಗೆ ಬಂದ ಕಾಲಿನ ಸದ್ದು ಬೇರೆ. ಕಾಲೆಳೆಯುವ ಸರಸರ ಇರಲಿಲ್ಲ. ಟಕ್... ಟಕ್... ಕಬ್ಬಿಣದ ಸದ್ದು.

"ಯಾರು?" ಎಂದಳು ಗಾಬರಿಯಿಂದ.

"ನಾನೇ ಮಾರಾಯ್ತಿ. ಶಿವಮೊಗ್ಗದ ಕ್ಯಾಂಪಿನಾಗೆ ಕ್ಯಾಲಿಪರ್ ಕೊಟ್ರು, ಕಾಲಿಗೆ ಕಟ್ಟೋ ಕಬ್ಬಿಣ. ಈಗ ತೊಡೆ ಮ್ಯಾಲೆ ಕೈ ಇಡೋದು ಬ್ಯಾಡ. ನೆಟ್ಟಗೆ ನಡೀತೀನಿ!"

ಅವನ ದನಿಯಲ್ಲಿ ಅಂಥ ಹಿಗ್ಗನ್ನು ಅವಳು ಎಂದೂ ಕೇಳಿರಲಿಲ್ಲ. ಸೊರಬದ ವೇದಿಕೆ ಹತ್ತು ಹೆಜ್ಜೆ ಎಂದ. ಅವಳು ಪರದೆಯ ಜಾಗದ ಹಿಂದಿನ ಹಗ್ಗದಿಂದ ನಡೆದಳು. ಹತ್ತಕ್ಕೆ ಮುಂದಿನ ಹಗ್ಗ ಸಿಗಲಿಲ್ಲ. ಹನ್ನೆರಡನೆಯ ಹೆಜ್ಜೆಗೆ ಸಿಕ್ಕಿತು.

ಅವರು ಹತ್ತು ಅಂದಮೇಲೆ ಹತ್ತೇ ಇರಬೇಕು... ನನ್ನ ಹೆಜ್ಜೆಯೇ ಸಣ್ಣದಾಗಿದೆಯೋ ಏನೋ. ತಪ್ಪಿದ್ದರೆ ಅದು ತನ್ನದೇ ಎಂದುಕೊಳ್ಳುವುದು ಅವಳಿಗೆ ಚಿಕ್ಕಂದಿನಿಂದ ರೂಢಿ.

"ಅಳತೆ ಸರಿ ಐತಲ್ಲ?" ಎಂದು ಕೇಳಿದಳು, ಮೆಲ್ಲಗೆ.

"ನನ್ನ ಕಾಲಳತೆ ಯಾವತ್ತಾದ್ರೂ ತಪ್ಪೈತಾ?"

ಅವನ ಹಿಗ್ಗನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಹನ್ನೆರಡು ಎಂಬ ಮಾತನ್ನು ನುಂಗಿಕೊಂಡಳು. ಹನ್ನೊಂದಕ್ಕೆ ನಿಲ್ಲುವುದನ್ನು ಕಾಲಿಗೆ ಕಲಿಸಿದಳು.

* * *

ಸೊರಬದಲ್ಲಿ ನಾಟಕದ ದಿನ ಸಭಾಭವನ ಸಂಜೆಯವರೆಗೂ ಯಾರದೋ ಮದುವೆಗೆ ಹೋಗಿತ್ತು. ಎಂಜಲೆಲೆ ಎತ್ತಿ, ನೆಲ ಒರೆಸಿ, ಪರದೆ ಕಟ್ಟುವಷ್ಟರಲ್ಲಿ ಜನ ಬಂದು ಕೂತಿದ್ದರು. ವೇದಿಕೆಯ ಮೇಲೆ ಒಮ್ಮೆ ನಡೆದು ನೋಡಲು ಸಮಯವೇ ಸಿಗಲಿಲ್ಲ.

ಕೊನೆಯ ದೃಶ್ಯ ಬಂತು. ಗಂಗಾಶ್ರೀ ಪರದೆ ಬಿಟ್ಟು ನಡೆದಳು. ಎಂಟು... ಒಂಬತ್ತು... ಹತ್ತು...

ಹನ್ನೊಂದನೆಯ ಹೆಜ್ಜೆಯ ಕೆಳಗೆ ನೆಲವಿರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಅದು ನಾಟಕದ್ದೇ ಭಾಗ ಎಂದುಕೊಂಡಿದ್ದರು. ಕೆಳಗೆ ಸಿಮೆಂಟಿನ ಮೇಲೆ ಬಿದ್ದ ಅವಳಿಗೆ ಆ ಚಪ್ಪಾಳೆ ನಿಲ್ಲುವವರೆಗೂ ಸ್ಪಷ್ಟವಾಗಿ ಕೇಳಿಸಿತು.

ಬಲಗೈ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯಲ್ಲಿ ಮೂರನೆಯ ದಿನ ಆ ಸದ್ದು ಬಂತು. ಟಕ್... ಟಕ್... ವಾರ್ಡಿನ ಬಾಗಿಲವರೆಗೆ ಬಂದು ನಿಂತಿತು. ಅವಳು ಕಾದಳು.

ಸ್ವಲ್ಪ ಹೊತ್ತಿಗೆ ಸದ್ದು ತಿರುಗಿ ದೂರವಾಯಿತು.

ಮತ್ತೆ ಬರಲೇ ಇಲ್ಲ.

* * *

ತೊಗರ್ಸಿಯ ಮನೆಯಲ್ಲಿ ಮೂರು ತಿಂಗಳು. ಮೂಳೆ ಕೂಡಿಕೊಂಡಿತು, ತೋರುಬೆರಳಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಾಗ ಬ್ರೈಲ್ ಕಲಿತದ್ದು ಆ ಬೆರಳಿನಿಂದಲೇ. ಈಗ ಹಾಳೆಯ ಮೇಲೆ ಬೆರಳಾಡಿಸಿದರೆ ಚುಕ್ಕಿಗಳೇ ಇಲ್ಲ, ಬರೀ ನುಣುಪು. ಎರಡನೇ ಸಲ ಕುರುಡಾದೆ ಎಂದುಕೊಂಡಳು. ಯಾರ ಎದುರೂ ಆಡಲಿಲ್ಲ.

ಅಕ್ಕೋರು ಎರಡು ಸಲ ಬಂದು ಕರೆದರು. ಅವಳು ಕೋಣೆಯಿಂದ ಹೊರಗೆ ಬರಲಿಲ್ಲ. ಹಂಬಲವೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿತ್ತು. ಅವತ್ತು ಆಸ್ಪತ್ರೆಗೆ ಬಂದವರು ಬಾಗಿಲಿಂದಲೇ ಯಾಕೆ ತಿರುಗಿ ಹೋದರು? ನಾಟಕ ಕೆಡಿಸಿದಳು ಎಂದೇ?

ತಾಯಿ ನಿರ್ಮಲಮ್ಮ ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತ ಹೇಳಿಯೇಬಿಟ್ಟಳು.

"ಅವನ ಕಾಲು ನೆಟ್ಟಗಾತು, ಮಗಳೇ. ನೆಟ್ಟಗಾದೋರು ನಮ್ಮಂಥೋರ ಮನೆ ಕಡೆ ಯಾಕೆ ನೋಡ್ತಾರೆ? ಮರ್ತುಬಿಡು."

ಹೇಳಿದ ಮೇಲೆ ತಾಯಿಯೇ ಅತ್ತಳು. ಗಂಗಾಶ್ರೀಗೆ ಅಳುವೂ ಬರಲಿಲ್ಲ. ಅವ್ವ ಹೇಳಿದ್ದು ನಿಜವಿರಬಹುದು ಎಂದು ಅವಳಿಗೂ ಅನ್ನಿಸಿತ್ತು.

ಏಪ್ರಿಲಿನಲ್ಲಿ, ಎಲ್ಲ ಮುಗಿಸಿಬಿಡೋಣ ಎಂದುಕೊಂಡು, ಗೋದಾಮಿನಲ್ಲಿ ಬಿಟ್ಟುಬಂದಿದ್ದ ಬ್ರೈಲ್ ಹಾಳೆಗಳನ್ನು ತರಲು ತಾಯಿಯ ಜೊತೆ ಶಿಕಾರಿಪುರಕ್ಕೆ ಹೋದಳು. ಓದಲಾಗದಿದ್ದರೂ ಅವು ತನ್ನವಲ್ಲವೇ.

ಗೋದಾಮು ತೌಡಿನ ವಾಸನೆಯಲ್ಲಿ ಹಾಗೇ ಮಲಗಿತ್ತು. ಕೊಟ್ರೇಶ ತನ್ನ ಅಂಗಡಿ ಮುಚ್ಚಿ, ಸೊರಬದಲ್ಲಿ ಯಾರದೋ ಟೈಲರಿಂಗ್ ಅಂಗಡಿಗೆ ಕೆಲಸಕ್ಕೆ ಸೇರಿದ್ದಾನೆ, ತಂಡವೂ ನಿಂತಂತೆಯೇ ಎಂದರು ಅಕ್ಕೋರು. ಕಾರಣ ಕೇಳಿದರೆ ಬಾಯಿ ಬಿಡುವುದಿಲ್ಲವಂತೆ.

ಹೊರಡಲು ತಿರುಗಿದಾಗ ಗಂಗಾಶ್ರೀಯ ಕಾಲಿಗೆ ಏನೋ ತಾಗಿತು. ನಾರಿನ ಹಗ್ಗ. ಸೊರಬದ ಹಗ್ಗವನ್ನು ಯಾರೂ ಕಿತ್ತಿರಲಿಲ್ಲ.

ಯಾಕೋ ಏನೋ, ಚಪ್ಪಲಿ ಬಿಟ್ಟು ಹಿಂದಿನ ಹಗ್ಗದಿಂದ ಮುಂದಿನ ಹಗ್ಗಕ್ಕೆ ನಡೆದಳು. ಹನ್ನೆರಡು. ಮತ್ತೆ ನಡೆದಳು. ಹನ್ನೆರಡೇ.

ಬಾಗಿಲಿಗೆ ಹೋಗಿ ಅಲ್ಲಿಂದ ಗೋಡೆಯವರೆಗೆ ಎಣಿಸಿದಳು. ಇಪ್ಪತ್ತೆರಡು. ಮೊದಲ ದಿನದಷ್ಟೇ.

ಹಾಗಾದರೆ... ನನ್ನ ಹೆಜ್ಜೆ ಸಣ್ಣದಾಗಿರಲಿಲ್ಲ.

"ಅಕ್ಕೋರೆ," ಎಂದಳು. "ಅವರು ಸೊರಬಕ್ಕೆ ಅಳೆಯಾಕೆ ಹೋಗಿದ್ದು ಯಾವತ್ತು?"

"ಶುಕ್ರವಾರ ಇರಬೇಕು. ಮಾರನೇ ದಿನ ಶನಿವಾರ ಕ್ಯಾಂಪಿಗೆ ಹೋದ. ಯಾಕೆ?"

ಶುಕ್ರವಾರ ಹಳೆಯ ಕಾಲಲ್ಲಿ ಅಳೆದದ್ದು. ಸೋಮವಾರ ಹೊಸ ಕಾಲಲ್ಲಿ ಹಗ್ಗ ಹಾಸಿದ್ದು. ಅವೇ ಹತ್ತು ಹೆಜ್ಜೆ. ಆದರೆ ಕಬ್ಬಿಣ ಕಟ್ಟಿದ ಮೇಲೆ ಅವನ ಹೆಜ್ಜೆ ಉದ್ದವಾಗಿತ್ತು. ಅವಳ ಹೆಜ್ಜೆ ಉದ್ದವಾಗಿರಲಿಲ್ಲ.

ಅವಳು ಬಿದ್ದ ಮೇಲೆ ಅವನಿಗೂ ಇದು ತಿಳಿದಿರಬೇಕು. ಅದಕ್ಕೇ ಬಾಗಿಲಿಂದ ತಿರುಗಿ ಹೋದ.

ಗಂಗಾಶ್ರೀ ಆ ಹಗ್ಗದ ಮೇಲೇ ಕುಸಿದು ಕುಳಿತಳು. ಮೂರು ತಿಂಗಳಿಂದ ಬಾರದಿದ್ದ ಅಳು ಆಗ ಬಂತು.

* * *

ಸೊರಬದ ಬಸ್‌ಸ್ಟ್ಯಾಂಡಿನ ಹಿಂದೆ ಆ ಅಂಗಡಿ. ಅಕ್ಕೋರು ಅವಳನ್ನು ಮೆಟ್ಟಿಲವರೆಗೆ ಕರೆತಂದು, ಎದುರಿನ ಚಹಾದಂಗಡಿಯಲ್ಲಿ ಇರುತ್ತೇನೆಂದು ಹೋದರು. ಬೇಡ ಎನ್ನುತ್ತಲೇ ಬಂದಿದ್ದ ನಿರ್ಮಲಮ್ಮನನ್ನೂ ಕೈಹಿಡಿದು ಕರೆದುಕೊಂಡು ಹೋದರು.

ಹೊಲಿಗೆ ಯಂತ್ರದ ಸದ್ದು ಥಟ್ಟನೆ ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ.

"ಅದೀರಾ?" ಎಂದಳು ಗಂಗಾಶ್ರೀ.

"ಅದೀನಿ." ದನಿ ಸೊರಗಿತ್ತು.

"ಕ್ಯಾಲಿಪರ್ ಎಲ್ಲಿ? ಸದ್ದೇ ಇಲ್ಲ."

"ಮೊಳೆಗೆ ನೇತಾಕೀನಿ. ಅವತ್ತು ಆಸ್ಪತ್ರೆಯಿಂದ ಬಂದು ಬಿಚ್ಚಿದ್ದು. ಮತ್ತೆ ಕಟ್ಟಿಲ್ಲ. ಗಂಗಾ, ನಿನ್ನ ಬೀಳಿಸಿದ್ದು ನಾನು."

"ಗೊತ್ತಾತು. ಹಗ್ಗ ಅಳೆದು ಬಂದೆ."

"ಪರದೆ ಕಟ್ಟೋವಾಗ ವೇದಿಕೆ ಸಣ್ಣದು ಅನ್ನಿಸ್ತು ನನಗೆ. ಮದುವೆ ಸಾಮಾನು ತುಂಬಿರೋದಕ್ಕೆ ಹಂಗೆ ಕಾಣ್ತೈತೆ ಅಂದ್ಕಂಡೆ. ಒಂದ್ಸಲ ನಡೆದು ನೋಡಿದ್ರೆ... ಬಾಗಿಲಿಗೆ ಬಂದಿದ್ದೆ. ನಿನ್ನ ಕೈಗೆ ಪಟ್ಟಿ ಕಟ್ಟಿದ್ದು ಕಂಡು ಒಳಗೆ ಬರಾಕೆ ಆಗ್ಲಿಲ್ಲ."

ಅವಳಿಗೆ ಸಿಟ್ಟು ಬಂತು. ಬರಲಿ ಎಂದೇ ಬಿಟ್ಟಳು.

"ನಾನು ಮೂರು ತಿಂಗಳು ಏನಂದ್ಕಂಡೆ ಗೊತ್ತೇನ್ರಿ? ಕಾಲು ನೆಟ್ಟಗಾತು, ಈ ಕುರುಡಿ ಬ್ಯಾಡಾದ್ಲು ಅಂತ. ನಮ್ಮವ್ವನೂ ಅದನ್ನೇ ಅಂದ್ಲು."

"ನೆಟ್ಟಗೆ ಮಾಡಿಸ್ಕಂಡಿದ್ದೇ ನಿನಗಾಗಿ," ಎಂದ ಕೊಟ್ರೇಶ. "ನಿಮ್ಮಪ್ಪಾರ ಮುಂದೆ ತೊಡೆ ಒತ್ಕೊಂಡು ನಿಂತು ಹೆಣ್ಣು ಕೇಳೋದು ಹೆಂಗೆ ಅಂತ. ನಾಟಕ ಮುಗಿದ ಮ್ಯಾಲೆ ತೊಗರ್ಸಿಗೆ ಬರೋನಿದ್ದೆ."

ಗಂಗಾಶ್ರೀ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಇದೊಂದು ಮಾತಿಗಾಗಿ ಎಷ್ಟು ತಿಂಗಳು ಕಾದಿದ್ದಳು. ಅದು ಬಂದದ್ದು ಹೀಗೆ, ಇಂಥ ಹೊತ್ತಿನಲ್ಲಿ.

"ನಾನೂ ಹೇಳ್ಬೇಕು," ಎಂದಳು ಕೊನೆಗೆ. "ನನಗೆ ಹಗ್ಗ ಸಿಕ್ಕಿದ್ದು ಹನ್ನೆರಡಕ್ಕೆ. ಅವತ್ತೇ ಗೊತ್ತಿತ್ತು. ನೀವು ಅಷ್ಟು ಹಿಗ್ಗಿದ್ರಲ್ಲ... ಹೇಳ್ಲಿಲ್ಲ. ಬೀಳಿಸಿದ್ದು ನೀವೊಬ್ರೇ ಅಲ್ಲ."

ಅವನು ಕಾಲೆಳೆಯುತ್ತ ಹತ್ತಿರ ಬಂದ. ಸರಸರ... ಅದೇ ಹಳೆಯ ಸದ್ದು. ಹತ್ತಿರ ಬಂದು ನಿಂತ. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ.

"ಏನು ಮಾಡ್ತಿದ್ದೀರಿ?"

"ನಿನ್ನ ಬೆರಳು ಹಿಡ್ಕಂಡೀನಿ."

ತೋರುಬೆರಳು. ಅವಳಿಗೆ ತಿಳಿಯಲೇ ಇಲ್ಲ.

"ಅದಕ್ಕೆ ಏನೂ ತಾಗೋದಿಲ್ಲ," ಎಂದಳು. ಕಣ್ಣಲ್ಲಿ ನೀರು ತುಂಬಿತು. "ಇನ್ಮುಂದೂ ತಾಗೋದಿಲ್ಲ ಅಂದ್ರು ಡಾಕ್ಟ್ರು. ನಿಮಗೆ ಗೊತ್ತಿರಲಿ."

"ಹಿಡಿದಾಗೆಲ್ಲ ನಾನೇ ಹೇಳ್ತೀನಿ."

* * *

ಅವಳೇ ಹಟ ಹಿಡಿದು ಅವನಿಗೆ ಕ್ಯಾಲಿಪರ್ ಕಟ್ಟಿಸಿದಳು. ಚರ್ಮದ ಪಟ್ಟಿ ಒಣಗಿ ಬಿರುಸಾಗಿತ್ತು, ಕೀಲು ಕಿರುಗುಟ್ಟುತ್ತಿತ್ತು. ಇಬ್ಬರೂ ಅವಳು ಬಿದ್ದಿದ್ದ ಸಭಾಭವನಕ್ಕೆ ಹೋದರು. ಅಲ್ಲಿನ ಕಾವಲುಗಾರ ಬೆನಕಪ್ಪ ಅವಳ ಗುರುತು ಹಿಡಿದ. ಅವತ್ತು ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬನಮ್ಮ ಎಂದು ತಲೆತಗ್ಗಿಸಿಕೊಂಡೇ ಬಾಗಿಲು ತೆಗೆದ.

ಖಾಲಿ ಸಭಾಭವನ ಮಧ್ಯಾಹ್ನದ ಸೆಕೆಯಲ್ಲಿ ಭಣಗುಡುತ್ತಿತ್ತು. ಗಂಗಾಶ್ರೀ ಒಂದೊಂದೇ ಮೆಟ್ಟಿಲನ್ನು ಬರಿಗಾಲಲ್ಲಿ ತಡವಿ ವೇದಿಕೆ ಹತ್ತಿದಳು. ಇಲ್ಲಿ ಮತ್ತೆ ನಾಟಕ ಆಡುತ್ತೇನೋ ಇಲ್ಲವೋ... ಅಪ್ಪ ಏನನ್ನುತ್ತಾನೋ... ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಅವನೂ ಹೇಳಲಿಲ್ಲ. ಅದೇ ಅವಳಿಗೆ ಸಮಾಧಾನ.

ಇಬ್ಬರೂ ಹಿಂದಿನ ಗೋಡೆಗೆ ಬೆನ್ನು ತಾಗಿಸಿ ನಿಂತರು.

"ಬಾಯಿಬಿಟ್ಟು ಎಣಿಸ್ಬೇಕು," ಎಂದಳು. "ಇಬ್ರೂ."

ಒಂದು... ಎರಡು... ಒಂದು ಕಡೆ ಬರಿಗಾಲು, ಇನ್ನೊಂದು ಕಡೆ ಕಬ್ಬಿಣ. ನಾಲ್ಕಕ್ಕೆ ಬರುವಷ್ಟರಲ್ಲಿ ಅವನ ದನಿ ಅವಳಿಗಿಂತ ಮುಂದೆ ಹೋಗಿತ್ತು. ಮೊದಲ ಸಲ ಅವನು ಅವಳಿಗಿಂತ ಮುಂದೆ ನಡೆದದ್ದು.

ಟಕ್. ಸದ್ದು ನಿಂತಿತು.

"ನಂದು ಎಂಟಕ್ಕೇ ಮುಗೀತು," ಎಂದ ಕೊಟ್ರೇಶ, ಅಂಚಿನಿಂದ.

ಗಂಗಾಶ್ರೀಯೂ ಎಂಟಕ್ಕೆ ನಿಂತಳು. ಅವನ ಉಸಿರು ಕೇಳಿಸುತ್ತಿತ್ತು, ಕೈಗೆ ಸಿಗುವಷ್ಟು ಹತ್ತಿರ ಇರಲಿಲ್ಲ.

"ನಂದು ಇನ್ನೂ ಎರಡು ಐತೆ," ಎಂದಳು. "ಕಾಯ್ತೀರಾ?"

"ಇಲ್ಲೇ ಅದೀನಿ. ನಿಧಾನಕ್ಕೆ ಬಾ."