ಎಬಿನೇಜರ್ ಕಪ್ಪು-ಬಿಳುಪಾದ ಶನಿವಾರ

ನಮ್ಮ ಚರ್ಚಿನ ಸಭೆಯ ಎಬಿನೇಜರ್ ಅವರನ್ನು ಕಳೆದ ಶನಿವಾರ ಎರಡೂವರೆ ತಾಸು ಸಾಯಿಸಿದವಳು ನಾನೇ. ಬೇಕಂತ ಮಾಡಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ ಅಂತ ಆಣೆ ಮಾಡಿ ಹೇಳಲಾರೆ, ಅದೇ ತೊಂದರೆ.

ನಾನು ಬೀನಾ. ಹುಬ್ಬಳ್ಳಿಯ ಒಂದು ಮಿಷನ್ ಶಾಲೆಯಲ್ಲಿ ಕ್ಲರ್ಕ್. ವಯಸ್ಸು ಮೂವತ್ತೆಂಟು. ಕಮರಿಪೇಟೆಯಲ್ಲಿ ಮಹಡಿ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಅವ್ವ ತೀರಿಕೊಂಡ ಮೇಲೆ ಒಂದು ಕೋಣೆಯ ಲೈಟ್ ಹಾಕುವುದನ್ನೇ ಬಿಟ್ಟಿದ್ದೇನೆ. ಎರಡು ಕೋಣೆಯಲ್ಲಿ ಓಡಾಡುವಷ್ಟು ಕೆಲಸ ಒಬ್ಬಳಿಗೆ ಇರುವುದಿಲ್ಲ.

ಚರ್ಚಿಗೆ ನೂರಾ ಇಪ್ಪತ್ತೈದು ವರ್ಷ ತುಂಬಿತೆಂದು ಸ್ಮರಣ ಸಂಚಿಕೆ ತರುತ್ತಿದ್ದರು. ಒಳಪುಟಗಳೆಲ್ಲ ಕಪ್ಪು-ಬಿಳುಪು. ಬಣ್ಣದ ಫೋಟೋ ಹಾಗೇ ಕೊಟ್ಟರೆ ಮುಖ ಮಸಿ ಬಳಿದಂತೆ ಬರುತ್ತದೆ, ನೀವೇ ಬಣ್ಣ ತೆಗೆದು ಕೊಡಿ ಎಂದ ಪ್ರೆಸ್ಸಿನವ. ಬೀನಾಗೆ ಮನೆಯಲ್ಲಿ ಏನು ಕೆಲಸ ಎಂದು ಸಭೆಯ ಹಿರಿಯರು ಸದಸ್ಯರ ನೂರಾ ಹನ್ನೆರಡು ಫೋಟೋಗಳನ್ನು ನನ್ನ ಕೊರಳಿಗೆ ಕಟ್ಟಿದರು. ನನಗೆ ಸಿಟ್ಟು ಬಂತು, ಆದರೆ ಖರೇನೇ ಕೆಲಸವಿರಲಿಲ್ಲ.

ಆನ್‌ಲೈನಿನಲ್ಲಿ ಅದಕ್ಕೊಂದು ವೆಬ್‌ಸೈಟ್ ಇದೆ. ಫೋಟೋ ಅಪ್‌ಲೋಡ್ ಮಾಡಿ ಒಂದು ಬಟನ್ ಒತ್ತಿದರೆ ಸಾಕು, ಬಣ್ಣ ಹೋಗುತ್ತದೆ. ಫೋನಿನಲ್ಲೇ ಮಾಡುತ್ತಾ ಕೂತೆ. ನಲವತ್ತೊಂದನೆಯದು ಎಬಿನೇಜರ್ ಅವರದು.

ನಮ್ಮ ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಅವರದು ಐದನೆಯ ಬೆಂಚು, ನನ್ನದು ಆರನೆಯದು. ಮೂರು ವರ್ಷದಿಂದ ನಾನು ಕಂಡದ್ದು ಅವರ ಎಡಗೆನ್ನೆ, ಎಡಗಿವಿ, ಹಾಡುವಾಗ ಏರಿಳಿಯುವ ಗಂಟಲು. ಬಾಗಿಲಲ್ಲಿ ಸಿಕ್ಕರೆ "ವಂದನಿ ರೀ" ಅನ್ನುತ್ತಾರೆ. ನಾನು ಚಪ್ಪಲಿ ಹುಡುಕುವವಳಂತೆ ಬಗ್ಗಿ "ವಂದನಿ" ಅನ್ನುತ್ತೇನೆ. ಇಷ್ಟೇ ನಮ್ಮ ಸಂಸಾರ.

ಫೋಟೋದಲ್ಲಿ ಅವರು ಕೆಂಪು ಟೀ ಶರ್ಟ್ ಹಾಕಿದ್ದರು, ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಅವರು ಕೆಲಸ ಮಾಡುವ ಫ್ಯಾಕ್ಟರಿಯವರು ಕೊಟ್ಟದ್ದು. ಆ ಕೆಂಪಿನ ಗದ್ದಲದಲ್ಲಿ ಮುಖವೇ ಕಾಣುತ್ತಿರಲಿಲ್ಲ. ಬಟನ್ ಒತ್ತಿದೆ. ಕೆಂಪು ಹೋಯಿತು, ಮುಖ ಬಂತು. ಬಲ ಹುಬ್ಬಿನ ಮೇಲೆ ಸಣ್ಣದೊಂದು ಗಾಯದ ಗುರುತು. ಎರಡೂ ಕಣ್ಣು ನೇರ ನನ್ನ ಕಡೆಗೆ. ತೆಗೆಯುವವರು ಯಾರೂ ಇಲ್ಲದೆ ತಾವೇ ಕೈ ಚಾಚಿ ತೆಗೆದುಕೊಂಡು, ಯಾರಿಗೆ ನಗಬೇಕೋ ತಿಳಿಯದೆ ನಕ್ಕ ನಗು. ಅಂಥ ಫೋಟೋಗಳು ನನ್ನ ಫೋನಿನಲ್ಲೂ ಹತ್ತಾರು ಇವೆ.

ಉಳಿದವು ಫೋಲ್ಡರಿಗೆ ಹೋದವು. ಇದೊಂದನ್ನು ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಳ್ಳೋಣ ಅನಿಸಿತು. ಬೇಕಾದಾಗ ತೆಗೆದು ನೋಡಬಹುದು, ಕೇಳುವವರು ಯಾರು? ಕಳಿಸಿ, ಫೋನನ್ನು ಚಾರ್ಜಿಗೆ ಹಾಕಿ, ಭಾನುವಾರದ ಆರಾಧನೆಗೆ ಹೂ ಜೋಡಿಸಲು ಚರ್ಚಿಗೆ ಹೋದೆ. ಆ ಕೆಲಸಕ್ಕೂ ನಾನೊಬ್ಬಳೇ.

ತಿರುಗಿ ಬಂದು ಫೋನ್ ನೋಡಿದರೆ ಸಭೆಯ ಗ್ರೂಪಿನಲ್ಲಿ ಅವರ ಕಪ್ಪು-ಬಿಳುಪು ಫೋಟೋ. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. "ಕರ್ತನು ಸಮಾಧಾನ ಕೊಡಲಿ." "ನಿನ್ನೆ ಡ್ಯೂಟಿಗೆ ಹೋಗಿದ್ರಲ್ಲ?" "ಮಣ್ಣು ಯಾವಾಗ ರೀ?"

ನಾನು ನೆಲದ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ. ಅವರ ಮನೆಗೆ ಓಡಬೇಕು ಅನಿಸಿತು. ಹೋಗಿ ಏನೆಂದು ಹೇಳಲಿ? ಚಪ್ಪಲಿ ಹುಡುಕುವ ಬೀನಾ ಅಂತಲೇ? ಅಷ್ಟು ಒಂಟಿತನ ಅವ್ವ ಹೋದ ದಿನವೂ ಕಂಡಿರಲಿಲ್ಲ. ಅವ್ವನಿಗೆ ಅಳಲು ನನಗೆ ಹಕ್ಕಾದರೂ ಇತ್ತು.

ಅರ್ಧ ನಿಮಿಷವಾದ ಮೇಲೆ ಕಣ್ಣಿಗೆ ಬಿತ್ತು. ಅದು ಯಾರೋ ತೆಗೆದು ಹಾಕಿದ ಸ್ಕ್ರೀನ್‌ಶಾಟ್, ನೆತ್ತಿಯ ಮೇಲೆ ನನ್ನದೇ ಹೆಸರು. ಕಳಿಸುವಾಗ ಪಟ್ಟಿಯಲ್ಲಿ ನನ್ನ ಹೆಸರನ್ನು ಒತ್ತಲು ಹೋದ ಬೆರಳು ಅದರ ಮೇಲಿದ್ದ 'ಮೈ ಸ್ಟೇಟಸ್' ಒತ್ತಿತ್ತು. ನಮ್ಮ ಕಡೆ ಒಬ್ಬರ ಕಪ್ಪು-ಬಿಳುಪು ಫೋಟೋ ಸ್ಟೇಟಸ್ಸಿಗೆ ಬಂತೆಂದರೆ ಆ ಮನುಷ್ಯ ಹೋದ ಎಂದೇ ಲೆಕ್ಕ. ಜೊತೆಗೆ ಒಂದಕ್ಷರ ಬರೆಯುವುದೂ ಬೇಕಿಲ್ಲ.

ಸ್ಟೇಟಸ್ ಅಳಿಸಿ, "ನನ್ನಿಂದ ತಪ್ಪಾಗಿ ಬಿದ್ದ ಫೋಟೋ, ಅವರು ಆರಾಮ ಇದ್ದಾರೆ" ಎಂದು ಗ್ರೂಪಿಗೆ ಬರೆದೆ. ಬದುಕಿದ್ದಾರಲ್ಲ ಎಂದು ಆಗ ಅತ್ತೆ. ಆಮೇಲೆ ಹೆದರಿಕೆ ಶುರುವಾಯಿತು. ನೂರಾ ಹನ್ನೆರಡರಲ್ಲಿ ನನ್ನದೇ ಯಾಕೆ ಎಂದು ಅವರು ಕೇಳದೆ ಇರುವುದಿಲ್ಲ. ಖರೇ ಹೇಳಿದರೆ ಭಾನುವಾರ ಅವರು ಬೆಂಚು ಬದಲಿಸುತ್ತಾರೆ, ನನಗೆ ಆ ಎಡಗೆನ್ನೆಯೂ ಇಲ್ಲವಾಗುತ್ತದೆ.

ಕೆಳಗೆ ಬೈಕ್ ನಿಂತ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ.

"ಬೀನಾ ಮೇಡಂ, ವಂದನಿ ರೀ. ಸತ್ತಾಂವ ಬಂದೇನಿ."

ಬಾಗಿಲಲ್ಲಿ ಎಬಿನೇಜರ್. ನಿದ್ದೆಗಣ್ಣು, ಅರ್ಧ ಬಾಚಿದ ತಲೆ, ಕೈಯಲ್ಲೊಂದು ಚೀಲ. ಚೀಲದಿಂದ ಸೇವಂತಿಗೆ ಮಾಲೆಯ ತುದಿ ಇಣುಕುತ್ತಿತ್ತು.

"ಒಳಗ ಬರ್ರಿ, ಕುಂದ್ರಿ" ಅಂದೆ. ಕುರ್ಚಿ ಒಂದೇ ಇತ್ತು.

"ನೀವ ಕುಂದ್ರಿ. ನಾ ನಿಂತಿರ್ತೇನಿ."

"ತಪ್ಪಾತ್ರಿ. ಭಾಳ ತಪ್ಪಾತು."

"ಇರ್ಲಿ ಬಿಡ್ರಿ. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದೆ, ಬಾಗಲಾ ಬಡದ್ರು. ತಗದ್ರ ನಮ್ಮ ಹಜರತಅಲಿ. ಫ್ಯಾಕ್ಟರ್ಯಾಗ ನಾವಿಬ್ರೂ ಒಂದ ಮಷೀನ್ ಮ್ಯಾಲ ಇರ್ತೇವಿ. ನಿಮ್ಮ ಸ್ಟೇಟಸ್ ಅವನ ತನಕ ಹೋಗೇತಿ ನೋಡ್ರಿ. ಕೈಯಾಗ ಈ ಮಾಲಿ. ನನ್ನ ನೋಡಿ ಮೊದಲ ಬಾಯಿಗೆ ಬಂದಂಗ ಬೈದ. ಆಮ್ಯಾಲ ಅಪ್ಕೊಂಡು ಅತ್ತ."

ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಮೆಸೇಜ್ ಹಾಕಿದವ್ರು ನಲವತ್ತ ಮಂದಿ ರೀ. ಮನಿತನಕ ಬಂದಾಂವ ಅವನೊಬ್ಬನ. ನಾ ಖರೇ ಹೋದ್ರ ಹೆಂಗಿರತೈತಿ ಅಂತ ಇವತ್ತ ಗೊತ್ತಾತು."

ಅವರು ಗೋಡೆಗೆ ಒರಗಿ, ಓರೆಗಣ್ಣಿನಿಂದ ನನ್ನನ್ನು ನೋಡಿದರು.

"ಒಂದ ಮಾತ ಕೇಳ್ಲ್ಯಾ? ಸ್ಟೇಟಸ್ನ್ಯಾಗ ಉಳದವ್ರ ಫೋಟೋನೂ ಬಿದ್ದಿದ್ವೇನ್ರಿ?"

"ಇಲ್ರಿ."

"ನಂದೊಂದ?"

"ಬೆರಳ ಜಾರ್ತು."

"ಅದು ಗೊತ್ತಾತ್ರಿ. ಎಲ್ಲಿಗೆ ಕಳಸಾಕ ಹೋಗಿ ಜಾರ್ತು?"

ನಾನು ಸೆರಗಿನ ತುದಿ ಸುತ್ತುತ್ತಾ ಕೂತೆ. ಅವರೂ ಒತ್ತಾಯ ಮಾಡಲಿಲ್ಲ.

"ಗದಗದಾಗ ನಮ್ಮಕ್ಕ ಅದಾಳ್ರಿ" ಅಂದರು. "ನನಗಂತ ಇರಾಕಿ ಆಕಿ ಒಬ್ಬಾಕಿನ. ಅಳಕೋತ ಫೋನ್ ಮಾಡಿದ್ಲು, ನಾನ ಎತ್ತಿದೆ. ಸಮಾಧಾನ ಆದ ಮ್ಯಾಲ ಕೇಳಿದ್ಲು, ಯಾರೋ ಈ ಬೀನಾ, ನಿನ್ನ ಫೋಟೋ ಯಾಕ ಹಾಕ್ಯಾಳ ಅಂತ. ತಿರಗಿ ಮಾಡ್ತೇನಿ ಅಂದು ಇಟ್ಟೇನಿ. ಏನಂತ ಹೇಳ್ಲಿ?"

ತಪ್ಪಿಸಿಕೊಳ್ಳಲು ದಾರಿ ಇತ್ತು. 'ಸಂಚಿಕಿ ಕೆಲಸ ಮಾಡೋ ಕ್ಲರ್ಕ್ ಅಂತ ಹೇಳ್ರಿ' ಅನ್ನಬಹುದಿತ್ತು. ಅನ್ನಲು ಬಾಯಿಯನ್ನೂ ತೆರೆದೆ. ಆದರೆ ನೆಲದ ಮೇಲೆ ಕೂತ ಆ ಅರ್ಧ ನಿಮಿಷವನ್ನು ಇನ್ನೊಮ್ಮೆ ತಾಳುವ ಶಕ್ತಿ ನನ್ನಲ್ಲಿರಲಿಲ್ಲ.

"ನನಗ ನಾನ ಕಳಸ್ಕೊಳ್ಳಾಕ ಹೋಗಿದ್ದೆ ರೀ" ಅಂದೆ. "ನಾ ಒಬ್ಬಾಕಿನ ನೋಡ್ಬೇಕಂತ. ಆಮ್ಯಾಲ ಗ್ರೂಪ್ ನೋಡಿ ನಾನೂ ಖರೇ ಅನ್ಕೊಂಡೆ. ನಿಮ್ಮ ಮನಿಗೆ ಬಂದ್ರ ಎಲ್ಲಿ ಕುಂದ್ರಬೇಕು ಅಂತ ತಿಳೀಲಿಲ್ಲ. ಅತ್ರ, ಈಕಿ ಯಾರು ಅಂತ ಎಲ್ಲಾರೂ ಕೇಳ್ತಾರ. ಅದಕ್ಕ ಅಳಲೂ ಇಲ್ರಿ."

ಎಬಿನೇಜರ್ ಚೀಲವನ್ನು ಮೆಲ್ಲಗೆ ಕೆಳಗಿಟ್ಟರು. ಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ನೇರ ನೋಡಿದರು, ನೋಡುತ್ತಲೇ ಇದ್ದರು. ಕಣ್ಣು ತಗ್ಗಿಸಬೇಕು ಅನಿಸಿತು. ನಾನು ತಗ್ಗಿಸಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ.

ಜೇಬಿನಿಂದ ಫೋನ್ ತೆಗೆದು, ಸ್ಪೀಕರ್ ಹಾಕಿ, ಗದಗಿಗೆ ಹಚ್ಚಿದರು.

"ಅಕ್ಕಾ, ಬೀನಾ ಅವ್ರ ಮನ್ಯಾಗ ಅದೇನಿ. ಯಾರು ಅಂತ ಕೇಳಿದ್ಯಲ್ಲ."

"ಹೂಂ, ಯಾರೋ?"

"ನಾಳೆ ನಾ ಖರೇ ಸತ್ರ, ನನ್ನ ತಲಿಕಡೆ ಕುಂತು ಅಳಾಕಿ."

ನಾನು ಕುರ್ಚಿಯಿಂದ ಎದ್ದು ಫೋನಿನ ಹತ್ತಿರ ಬಂದೆ.

"ಅಳೂದು ಆಮ್ಯಾಲ ಇರ್ಲಿ" ಅಂದರು ಅಕ್ಕ, ಸೊರ್ರೆಂದು ಮೂಗು ಎಳೆದುಕೊಳ್ಳುತ್ತಾ. "ಜೀವ ಇದ್ದಾಗ ಕರಕೊಂಡ ಬಾ."