ವೇದಾ ಹೆಸರಿನಲ್ಲಿ ಬಂದ ಪೂಜೆಯ ಕರೆ

ಏಪ್ರಿಲ್ 14, ಸೋಮವಾರ, ಬೆಳಿಗ್ಗೆ 9:40. ಅಮೆರಿಕದ ಕರ್ಕ್‌ಲ್ಯಾಂಡ್ ಪೊಲೀಸ್ ಠಾಣೆಗೆ ಬಂದ ಹೆಂಗಸು ಮೊದಲು ಕೇಳಿದ್ದು, ಇಲ್ಲಿ ಕನ್ನಡ ಬರುವ ಪೊಲೀಸರೊಬ್ಬರು ಇರುವುದು ನಿಜವೇ ಎಂದು. ಡಿಟೆಕ್ಟಿವ್ ಪಾವನಾ ಎದ್ದು ಬಂದಳು. ಒಂಬತ್ತನೇ ವಯಸ್ಸಿಗೇ ಮೈಸೂರು ಬಿಟ್ಟವಳು. ಅವಳದು ಅಮ್ಮನ ಅಡುಗೆಮನೆಯಲ್ಲಿ ಕಲಿತ ಕನ್ನಡ.

“ಎಫ್‌ಐಆರ್ ಬರ್ಕೊಳಮ್ಮ.”

“ಇಲ್ಲಿ ಕೇಸ್ ನಂಬರ್ ಅಂತೀವಿ, ಆಂಟಿ. ಕೂತ್ಕೊಳ್ಳಿ. ಏನ್ ಹೋಯ್ತು?”

“ಮಾನ.”

ಹೆಸರು ವೇದಾ. ಸುತ್ತಲಿನ ಕನ್ನಡ ಮನೆಗಳ ಭಜನಾ ಮಂಡಳಿಗೆ ಹನ್ನೊಂದು ವರ್ಷಗಳಿಂದ ಕಾರ್ಯದರ್ಶಿ. ಕಳೆದ ಬುಧವಾರ ಅವರ ಹೆಸರಿನಲ್ಲಿ ಎಲ್ಲರಿಗೂ ಒಂದು ಮೇಲ್ ಹೋಗಿತ್ತು: ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ, ಸಂಕಲ್ಪಕ್ಕೆ ಗೋತ್ರ, ನಕ್ಷತ್ರ ನಮೂದಿಸಿ, ಇಲ್ಲಿ ಒತ್ತಿ. ಒತ್ತಿದರೆ ಒಂದು ಪುಟ. ಗೋತ್ರದ ಕೆಳಗೆ ರಾಶಿ, ರಾಶಿಯ ಕೆಳಗೆ ಮೇಲ್‌ನ ಪಾಸ್‌ವರ್ಡ್. ಹಲವರು ಬರೆದರು. ಗೋತ್ರ ಕೇಳುವವನು ಕಳ್ಳನಾಗಿರಬಹುದೆಂದು ಯಾರಿಗೆ ಹೊಳೆಯುತ್ತದೆ? ಮರುದಿನದಿಂದ ಅವರವರ ಮೇಲ್‌ಗಳಿಂದಲೇ ಸ್ನೇಹಿತರಿಗೆಲ್ಲ ಮೊರೆ: ಆಸ್ಪತ್ರೆಯಲ್ಲಿದ್ದೇನೆ, ಫೋನ್ ಮಾಡಬೇಡಿ, ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರ್ ಕಳಿಸಿ.

“ವೇದಾನೇ ಮಾಡಿದ್ದು ಅಂತಿದಾರೆ. ವಾಟ್ಸಾಪ್ ಗ್ರೂಪಿಂದ ತೆಗೆದುಹಾಕಿದ್ರು. ಅಂಗಡೀಲಿ ಸಿಕ್ಕಿದ್ರೆ ಮುಖ ತಿರುಗಿಸ್ತಾರೆ.”

“ಆ ಮೇಲ್ ಇದೆಯಾ?”

“ನಂಗೂ ಬಂತಲ್ಲ, ನನ್ನ ಹೆಸರಿಂದ ನಂಗೇ! ಇಟ್ಕೊಂಡಿದೀನಿ.”

ಪಾವನಾಗೆ ಸಮಾಧಾನವಾಯಿತು. ಇಂಥ ಪ್ರಕರಣಗಳಲ್ಲಿ ನಾಚಿಕೆಗೆ ಜನ ಮೊದಲು ಮಾಡುವ ಕೆಲಸವೇ ಮೇಲ್ ಅಳಿಸುವುದು. ಅವಳು ವೇದಾ ಕೊಟ್ಟ ಫೋನನ್ನು ಅವರ ಕಡೆಗೇ ತಿರುಗಿಸಿ, ಕಳಿಸಿದವರ ಹೆಸರಿನ ಮೇಲೆ ಬೆರಳಿಟ್ಟಳು. ಹೆಸರಿನ ಹಿಂದೆ ಯಾವುದೋ ಗೊತ್ತುಗುರಿಯಿಲ್ಲದ ವಿಳಾಸ.

“ಹೆಸರು ಯಾರು ಬೇಕಾದ್ರೂ ಬರ್ಕೋಬಹುದು, ಆಂಟಿ. ನೋಡ್ಬೇಕಾದ್ದು ವಿಳಾಸ. ಮಂಡಳಿಯವರ ಮೇಲ್ ವಿಳಾಸಗಳು ಆ ಕಳ್ಳನ ಕೈಗೆ ಹೇಗೆ ಸಿಕ್ವು?”

ವೇದಾ ತಲೆ ತಗ್ಗಿಸಿದರು. “ಹೋದ ವರ್ಷದ ಮೇಲ್‌ನಲ್ಲಿ ಎಲ್ಲರ ವಿಳಾಸಾನೂ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದೆ.”

ಪಾವನಾ ದೂರು ದಾಖಲಿಸಿಕೊಂಡಳು. ಎಫ್‌ಬಿಐನ ಅಂತರ್ಜಾಲ ಅಪರಾಧ ದೂರು ಕೇಂದ್ರಕ್ಕೂ ಒಂದು ದೂರನ್ನು ಅಲ್ಲೇ ಕೂರಿಸಿಕೊಂಡು ಬರೆಸಿದಳು. ಮಧ್ಯಾಹ್ನ, ನಕಲಿ ಪುಟಕ್ಕೆ ಜಾಗ ಕೊಟ್ಟಿದ್ದ ಅಂತರ್ಜಾಲ ಸಂಸ್ಥೆಗೆ ಮಾಹಿತಿ ಕೇಳುವ ವಾರಂಟ್ ಹೋಯಿತು. ಶುಕ್ರವಾರ ಉತ್ತರ ಬಂತು: ಸುಳ್ಳು ಹೆಸರು, ಪ್ರೀಪೇಯ್ಡ್ ಕಾರ್ಡು, ಮರೆಮಾಚಿದ ಸಂಪರ್ಕ. ಯಾವುದೋ ದೇಶದ ಗುಂಪಿನ ಕೆಲಸ, ಫೈಲ್ ಮುಚ್ಚಬಹುದು ಎಂದ ಜೊತೆಯ ಅಧಿಕಾರಿ ಡೆನಿಸ್.

ಪಾವನಾ ಮುಚ್ಚಲಿಲ್ಲ. ಮಂಡಳಿಯ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡತೊಡಗಿದಳು. ಸೋಮವಾರ ಸಂಜೆ ಪಕ್ಕದೂರು ಕೆನ್ಮೋರ್‌ನ ಶಾರದಾ ಫೋನಿಗೆ ಸಿಕ್ಕರು.

“ನಮಗೆ ಆ ಮೇಲ್ ಬರ್ಲೇ ಇಲ್ವಲ್ಲ.”

“ಸ್ಪ್ಯಾಮ್‌ನಲ್ಲಿ ನೋಡಿದ್ರಾ?”

“ಎಲ್ಲಾ ಕಡೆ ನೋಡ್ದೆ. ಬರದೇ ಇದ್ದಿದ್ದೇ ಒಳ್ಳೇದಾಯ್ತು ಬಿಡಿ, ಸೂತಕ ಬೇರೆ. ನಮ್ಮ ಭಾವನವರು ಹೋಗ್ಬಿಟ್ರು, ಏಪ್ರಿಲ್ ಆರಕ್ಕೆ.”

ಪಾವನಾ ತಾರೀಖನ್ನು ಬರೆದುಕೊಂಡಳು. ಮೇಲ್ ಹೊರಟಿದ್ದು ಒಂಬತ್ತಕ್ಕೆ. ಉಳಿದ ಎಲ್ಲ ಮನೆಗೂ ಹೋಗಿತ್ತು. ಸಾವಾದ ಮನೆಗೆ ಪೂಜೆಯ ಕರೆ ಕಳಿಸಬಾರದೆಂದು ಯಾವ ದೇಶದ ಗುಂಪಿಗೆ ಗೊತ್ತು?

“ಸಾವಿನ ಸುದ್ದಿ ಯಾರ್ಯಾರಿಗೆ ಹೇಳಿದ್ರಿ?”

“ಯಾರಿಗೂ ಇಲ್ಲ. ವೇದಾಗೂ ಹೇಳಿಲ್ಲ. ಮಗಳ ಪರೀಕ್ಷೆ ಮುಗೀಲಿ ಅಂತ. ಊರಿಗೆ ಹೊರಟ ಇವ್ರನ್ನ ಏರ್‌ಪೋರ್ಟಿಗೆ ಬಿಟ್ಟು ಬಂದ ನಮ್ಮ ಮಂಡಳಿಯ ಜಯಂತ ಒಬ್ಬನಿಗೆ ಗೊತ್ತು. ಪಾಪ, ಕರೆದಾಗ ಬರ್ತಾನೆ.”

ಡೆನಿಸ್ ಎಲ್ಲವನ್ನೂ ಕೇಳಿಸಿಕೊಂಡು ಕುರ್ಚಿಗೆ ಒರಗಿದ. “ನ್ಯಾಯಾಧೀಶರಿಗೆ ಏನೆಂದು ಬರೆಯುತ್ತೀಯ? ಸತ್ತವರ ಮನೆಯನ್ನು ಪೂಜೆಗೆ ಕರೆಯಲಿಲ್ಲ, ಆದ್ದರಿಂದ ಇವನೇ ಕಳ್ಳ ಎಂದೇ?”

ಅವನ ಮಾತು ಸರಿಯಾಗಿತ್ತು. ಸಾಕ್ಷ್ಯ ಬೇರೆಯೇ ಬೇಕಿತ್ತು. ಪಾವನಾ ಗಿಫ್ಟ್ ಕಾರ್ಡ್‌ಗಳ ಬೆನ್ನು ಹತ್ತಿದಳು. ಅವುಗಳಿಂದ ಕೊಂಡ ಹೆಡ್‌ಫೋನ್‌ಗಳು ಕರ್ಕ್‌ಲ್ಯಾಂಡ್‌ನದೇ ಒಂದು ಪಾರ್ಸೆಲ್ ಇಟ್ಟುಹೋಗುವ ಲಾಕರಿಗೆ ಬಂದಿದ್ದವು. ಲಾಕರಿನ ಎದುರಿನ ಕ್ಯಾಮೆರಾದಲ್ಲಿ ಸಂಜೆ 6:10ಕ್ಕೆ ಪೊಟ್ಟಣ ಎತ್ತಿಕೊಂಡವನ ಮುಖ ನಿಚ್ಚಳವಾಗಿತ್ತು. ಜಯಂತನ ಲೈಸೆನ್ಸಿನ ಫೋಟೋಗೆ ಅದು ಹೊಂದಿತು.

ಏಪ್ರಿಲ್ 29, ಬೆಳಿಗ್ಗೆ 7:30. ಬಾಗಿಲು ತೆಗೆದವಳು ಜಯಂತನ ಹೆಂಡತಿ ಮಾಯಾ. ಅವಳ ಹಿಂದೆ ಅವನು ಬ್ಯಾಗ್ ಹೆಗಲಿಗೇರಿಸಿ ಶೂ ಹಾಕಿಕೊಳ್ಳುತ್ತಿದ್ದ.

“ಏನ್ ವಿಷಯ? ಸೌತ್ ಲೇಕ್ ಯೂನಿಯನ್‌ಗೆ ಹೋಗ್ಬೇಕು ಇವ್ರು, ಆಫೀಸಿಗೆ ಲೇಟಾಗತ್ತೆ.”

“ಆಫೀಸಿಲ್ಲ, ಮಾಯಾ,” ಎಂದ ಜಯಂತ. “ನವೆಂಬರಿಂದ ಇಲ್ಲ.”

ಮಾಯಾ ಅವನ ಹೆಗಲ ಬ್ಯಾಗನ್ನೇ ನೋಡಿದಳು. ಪಾವನಾ ಬಂಧಿತನಾಗಿ ಅವನಿಗಿರುವ ಹಕ್ಕುಗಳನ್ನು ಓದಿ ಹೇಳಿದಳು. ಡೆನಿಸ್ ಲ್ಯಾಪ್‌ಟಾಪ್, ಎರಡು ಫೋನ್, ಒಡೆಯದ ಎರಡು ಪೊಟ್ಟಣಗಳನ್ನು ವಶಪಡಿಸಿಕೊಂಡು ರಸೀದಿ ಬರೆದುಕೊಟ್ಟ.

ಠಾಣೆಯಲ್ಲಿ ಜಯಂತ ವಕೀಲರು ಬರುವವರೆಗೆ ಕಾದ. ಆಮೇಲೆ ಎಲ್ಲವನ್ನೂ ಹೇಳಿದ.

“ಈ ವಿದ್ಯೆ ಎಲ್ಲಿ ಕಲಿತ್ರಿ?”

“ನನ್ಗೇ ಹೀಗೆ ಮಾಡಿದ್ರು. ಜನವರೀಲಿ ಕೆಲಸದ ಆಫರ್ ಅಂತ ಒಂದು ಮೇಲ್ ಬಂತು. ಇಂಟರ್‌ವ್ಯೂ ಕೂಡ ಮಾಡಿದ್ರು. ಇದ್ದಬದ್ದ ಉಳಿತಾಯ ಎಲ್ಲಾ ಹೋಯ್ತು.”

“ದೂರು?”

“ಹನ್ನೆರಡು ವರ್ಷ ಸಾಫ್ಟ್‌ವೇರ್ ಬರೆದವನು ಒಂದು ಮೇಲ್‌ಗೆ ಬಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ ಮೇಡಂ? ನಗ್ತಿದ್ರು.”

“ಶಾರದಾ ಅವರ ಮನೆ ಯಾಕೆ ಬಿಟ್ರಿ?”

ಅವನು ಅವಳನ್ನೇ ವಿಚಿತ್ರವಾಗಿ ನೋಡಿದ. “ಸೂತಕದ ಮನೆಗೆ ಹೇಗೆ ಕಳಿಸೋದು?”

ಅವನು ಮೋಸಹೋದದ್ದಕ್ಕೆ ಪಾವನಾ ಬೇರೆಯದೇ ಒಂದು ಕೇಸ್ ನಂಬರ್ ಹಾಕಿದಳು. ಅದು ಮೂರು ತಿಂಗಳು ತಡವಾಗಿತ್ತು.

ಸಂಜೆ ಅವಳು ವೇದಾ ಅವರಿಗೆ ಫೋನ್ ಮಾಡಿದಳು. ಸುದ್ದಿ ಆಗಲೇ ಮುಟ್ಟಿತ್ತು. ಗ್ರೂಪಿಗೆ ಮತ್ತೆ ಸೇರಿಸಿಕೊಂಡು, ಒಬ್ಬರಾದ ಮೇಲೊಬ್ಬರು ಕ್ಷಮೆ ಕೇಳುತ್ತಿದ್ದರಂತೆ.

“ಈಗ ನೆಮ್ಮದೀನಾ, ಆಂಟಿ?”

ಆ ಕಡೆಯಿಂದ ಕಾರಿನ ಬಾಗಿಲು ಹಾಕಿಕೊಂಡ ಸದ್ದು ಬಂತು.

“ಮಾಯಾಗೆ ಇವತ್ತು ಒಬ್ಬರೂ ಫೋನ್ ಮಾಡಿರಲ್ಲ, ಪಾವನಾ. ನಂಗೆ ಗೊತ್ತು ಅದು ಹೇಗಿರತ್ತೆ ಅಂತ. ಅವಳ ಮನೆಗೇ ಹೊರಟಿದೀನಿ, ಫೋನ್ ಇಡ್ಲಾ?”